ಸಂತೆಯ ಕಿರ್ದಿ, ಚಾವಡಿಯ ಪಹಣಿ

ಶಾಲೆಗೆ ನೂರು ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಊರಿನ ಇತಿಹಾಸವನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ನಮಗೆ ತಿಳಿಸಿದರು. ಶಾಲೆಯ ಕಟ್ಟಡ, ಆಡಳಿತ, ಗುರುಪರಂಪರೆ ಇವುಗಳನ್ನು ಕುರಿತು ಇದೇ ಸಂಚಿಕೆಯಲ್ಲಿ ಬೇರೆ ಬರಹಗಳಿವೆ. ಆದ್ದರಿಂದ ನಾವು ಕಪಾಟಿನಲ್ಲಿದ್ದ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆದು, ಅವುಗಳಲ್ಲಿ ಯಾರೂ ಹೆಚ್ಚಾಗಿ ಗಮನಿಸದ ಎರಡು ಕಲಮುಗಳನ್ನು ಓದುತ್ತ ಕುಳಿತೆವು. ಒಂದು ಪಾಲಕರ ಉದ್ಯೋಗ, ಇನ್ನೊಂದು ಪಾಲಕರ ಸಹಿ. ಮೊದಲನೆಯದರಲ್ಲಿ ಒಕ್ಕಲುತನ, ಕೂಲಿ, ಕಿರಾಣಿ, ನೇಕಾರಿಕೆ, ಹಮಾಲಿ, ತಳವಾರಿಕೆ ಎಂಬ ಮಾತುಗಳು ಮರಳಿ ಮರಳಿ ಬರುತ್ತವೆ. ಎರಡನೆಯದರಲ್ಲಿ ಪುಟದ ಮೇಲೆ ಪುಟ ಹೆಬ್ಬೆಟ್ಟಿನ ಗುರುತುಗಳು. ಮಗನ ಹೆಸರನ್ನು ಬರೆಸಲು ಬಂದ ತಂದೆಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ.

ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂದು ನಾವೂ ಎಂ.ಎ. ಓದುವಾಗ ಬಾಯಿಪಾಠ ಮಾಡಿದವರೇ. ಆದರೆ ಈ ಹೆಬ್ಬೆಟ್ಟುಗಳನ್ನು ನೋಡಿದ ಮೇಲೆ ಬೇರೊಂದು ಪ್ರಶ್ನೆ ಕಾಡಿತು. ಇದೇ ಹೆಬ್ಬೆಟ್ಟನ್ನು ಈ ಜನ ಇನ್ನೆಲ್ಲೆಲ್ಲಿ ಒತ್ತಿದ್ದರು? ಅಂಗಡಿಯ ಖಾತೆಯಲ್ಲಿ ಒತ್ತಿದ್ದರು, ಸಾಲದ ಕಾಗದದ ಮೇಲೆ ಒತ್ತಿದ್ದರು, ಚಾವಡಿಯಲ್ಲಿ ಪಟವಾರಿಯ ಮುಂದೆ ಕುಳಿತು ಒತ್ತಿದ್ದರು. ಅಲ್ಲಿ ಏನು ಬರೆದಿತ್ತೆಂಬುದನ್ನು ಓದಿ ಹೇಳುವವರು ಯಾರಿದ್ದರು? ನಮ್ಮ ಶಾಲೆ ಈ ಊರಿಗೆ ಏಕೆ ಬೇಕಾಯಿತು ಎಂಬುದು ಆ ಪ್ರಶ್ನೆಯಲ್ಲಿಯೇ ಅಡಗಿದೆಯೆಂದು ನಮಗೆ ತೋರುತ್ತದೆ.

ಐಜ ಇರುವುದು ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ನಾಡಿನಲ್ಲಿ. ಪಡುವಲಿಗೆ ರಾಯಚೂರು, ಬಡಗಲಿಗೆ ಗದ್ವಾಲ, ಆಗ್ನೇಯಕ್ಕೆ ಹೊಳೆಯಾಚೆ ಕರ್ನೂಲು. ಮೂರೂ ಪೇಟೆಗಳು ಎತ್ತಿನ ಗಾಡಿಯ ದಾರಿಯಲ್ಲಿಯೇ ಇವೆ. ಸುತ್ತಲಿನ ಹಳ್ಳಿಗಳ ಹೆಸರುಗಳನ್ನು ಕೇಳಿದರೆ ಸಾಕು, ಈ ನೆಲದ ಮಾತು ತಿಳಿಯುತ್ತದೆ. ಬಿಂಗಿದೊಡ್ಡಿ, ತಿಮ್ಮನದೊಡ್ಡಿ ಎಂಬವು ದನ ಕೂಡುವ ದೊಡ್ಡಿಗಳಿಂದ ಹುಟ್ಟಿದ ಊರುಗಳು. ತೆಲುಗು ಮತ್ತು ಕನ್ನಡ ಇಲ್ಲಿ ಬೇಲಿ ಹಾಕಿಕೊಂಡು ಬಾಳಲಿಲ್ಲ. ಒಂದೇ ಮನೆಯಲ್ಲಿ ಅತ್ತೆಯ ಮಾತು ಕನ್ನಡ, ಸೊಸೆಯ ಮಾತು ತೆಲುಗು ಆಗಿರುವುದು ಇಂದಿಗೂ ಸಾಮಾನ್ಯ. ಆದರೆ ನೂರು ವರ್ಷಗಳ ಹಿಂದೆ ಕಾಗದದ ಮಾತು ಇವೆರಡೂ ಆಗಿರಲಿಲ್ಲ. ಗದ್ವಾಲ ಸಂಸ್ಥಾನವು ನಿಜಾಮ ಸರಕಾರಕ್ಕೆ ವರ್ಷವರ್ಷವೂ ಪೇಷ್ಕಶ್ ಸಲ್ಲಿಸಿ ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುತ್ತಿತ್ತು. ಸುತ್ತಲಿನದೆಲ್ಲ ರಾಯಚೂರು ಜಿಲ್ಲೆ, ಮೇಲೆ ಹೈದರಾಬಾದು. ಸರಕಾರದ ಭಾಷೆ ಉರ್ದು. ಕಾಲಗಣನೆ ಫಸಲಿ, ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಆ ಕಾಲದ ಕಾಗದಗಳನ್ನು ಓದಲು ಕುಳಿತ ಯಾರೇ ಆಗಲಿ ಮೊದಲು ಈ ಕೂಡುವ ಲೆಕ್ಕವನ್ನು ಮಾಡಿಕೊಳ್ಳಬೇಕಾಗುತ್ತದೆ.

ಈ ಸೀಮೆಯ ಹೊಗೆಸೊಪ್ಪಿನ ವಿಷಯಕ್ಕೆ ಬರೋಣ. ಐಜದಿಂದ ಮಾನೋಪಾಡು, ಅಲಂಪುರದ ಕಡೆಗೆ ಹೋದರೆ ಕಪ್ಪು ಮಣ್ಣಿನ ಹೊಲಗಳಲ್ಲಿ ತಂಬಾಕು ಕಾಣುತ್ತದೆ. ಅಮೆರಿಕ ಖಂಡದ ಈ ಗಿಡವನ್ನು ಪೋರ್ಚುಗೀಸರು ಪಡುವಣ ಕರಾವಳಿಗೆ ತಂದರು. ಅಲ್ಲಿಂದ ಅದು ದಖ್ಖನಿಗೆ ಏರಿತು. ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಮೊದಲ ಬಾರಿಗೆ ತಂಬಾಕನ್ನು ಕಂಡು, 1604-05ರ ಸುಮಾರಿಗೆ ಅದನ್ನು ಬಾದಶಹನ ಆಸ್ಥಾನಕ್ಕೆ ಒಯ್ದುದನ್ನು ತಾನೇ ಬರೆದಿಟ್ಟಿದ್ದಾನೆ. ಆಗ ನಮ್ಮ ಈ ದೋಆಬು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಎಂದರೆ ದಿಲ್ಲಿ ಆಗ್ರಾಗಳಿಗಿಂತ ಮೊದಲೇ ಈ ಕಡೆಯ ಜನಕ್ಕೆ ಹೊಗೆಸೊಪ್ಪಿನ ಪರಿಚಯವಾಗಿತ್ತು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದ. ನಿಷೇಧ ಎಷ್ಟು ನಡೆಯಿತೆಂಬುದು ಎಲ್ಲರಿಗೂ ಗೊತ್ತಿರುವುದೇ. ನಮ್ಮ ಶಾಲೆಯ ಗೇಟಿನ ಮೇಲೂ ಒಂದು ಫಲಕವಿದೆ: 2003ರ ಕಾಯಿದೆಯಂತೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ತಂಬಾಕು ಬೆಳೆದ ಹಣದಿಂದ ಪಾಟಿ, ಪುಸ್ತಕ ಕೊಂಡ ಮಕ್ಕಳು ಅದೇ ಗೇಟಿನೊಳಗೆ ಬಂದು ಓದಿದ್ದಾರೆ.

ಜೋಳದ ರೈತನಿಗೂ ತಂಬಾಕಿನ ರೈತನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಜೋಳ ಮಾರಾಟವಾಗದಿದ್ದರೆ ಹಗೇವಿನಲ್ಲಿ ತುಂಬಿಡಬಹುದು, ತಿನ್ನಬಹುದು, ಆಯಗಾರರಿಗೆ ಅಳೆದು ಕೊಡಬಹುದು. ತಂಬಾಕನ್ನು ತಿನ್ನಲಾಗದು, ದನವೂ ಅದನ್ನು ಮೂಸಿ ನೋಡದು. ಬೆಳೆದವನು ಮಾರಲೇಬೇಕು, ಕೊಳ್ಳುವವನು ಬರುವವರೆಗೆ ಕಾಯಲೇಬೇಕು. ಮಳೆಗಾಲದಲ್ಲಿ ಮಡಿ ಮಾಡಿ ಸಸಿ ಎಬ್ಬಿಸಿ, ಹಿಂಗಾರಿನ ಹಸಿಯಲ್ಲಿ ನೆಟ್ಟು, ತುದಿ ಚಿವುಟಿ, ಕಂಕುಳ ಕುಡಿಗಳನ್ನು ಮುರಿದು, ಚಳಿ ಕಳೆಯುವ ಹೊತ್ತಿಗೆ ಕೊಯ್ದು, ಬಿಸಿಲಿಗೆ ಒಣಗಿಸಿ, ರಾಶಿ ಹಾಕಿ ಮುಚ್ಚಿ, ಹದ ಬಂದ ಮೇಲೆ ಎಲೆ ಬಿಡಿಸಿ ಕಟ್ಟು ಕಟ್ಟಬೇಕು. ಆರು ತಿಂಗಳಿಗೂ ಮೀರಿದ ಈ ದುಡಿಮೆಯ ಖರ್ಚು ಮೊದಲು, ಹಣ ಕೊನೆಗೆ. ನಡುವಿನ ದಿನಗಳನ್ನು ನಡೆಸಿದ್ದು ಉದ್ರಿ.

ಉದ್ರಿಯ ಅಂಗಡಿಯೇ ಈ ಸೀಮೆಯ ನಿಜವಾದ ಬ್ಯಾಂಕಾಗಿತ್ತು. ಉಪ್ಪು, ಎಣ್ಣೆ, ಬೆಲ್ಲ, ಬಟ್ಟೆ, ಮಗಳ ಮದುವೆಯ ಖರ್ಚು, ಎತ್ತು ಸತ್ತರೆ ಹೊಸ ಎತ್ತಿನ ಹಣ, ಎಲ್ಲವೂ ಒಂದೇ ಖಾತೆಯಲ್ಲಿ ಬೀಳುತ್ತಿದ್ದವು. ಸಾಹುಕಾರನು ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಸಂಜೆ ಅದನ್ನು ಆಯಾ ಹೆಸರಿನ ಖಾತೆಗೆ ಏರಿಸುತ್ತಿದ್ದ. ಬಡ್ಡಿಯ ಮಾತು ‘ನೂರಕ್ಕೆ ಎರಡು’ ಎಂದಷ್ಟೇ. ಅದು ತಿಂಗಳ ಲೆಕ್ಕ, ವರ್ಷಕ್ಕೆ 24 ಎಂಬುದನ್ನು ಕೂಡಿಸಿ ನೋಡುವವರು ಕಡಿಮೆ. ಪೀಕು ಬಂದಾಗ ಅದೇ ಸಾಹುಕಾರ ಅಥವಾ ಅವನ ಸಂಬಂಧದ ದಲಾಲನೇ ಮಾಲು ಕೊಳ್ಳುತ್ತಿದ್ದುದರಿಂದ, ದರವನ್ನೂ ತೂಕವನ್ನೂ ಸಾಲವನ್ನೂ ಬರೆಯುವ ಕೈ ಒಂದೇ ಆಗಿತ್ತು. ಸಾಹುಕಾರರೆಲ್ಲರೂ ಮೋಸಗಾರರಾಗಿದ್ದರೆಂದು ನಾವು ಹೇಳುತ್ತಿಲ್ಲ. ಬರಗಾಲದಲ್ಲಿ ಧಾನ್ಯ ಕೊಟ್ಟು ಊರನ್ನು ಉಳಿಸಿದವರ ಮಾತನ್ನು ಹಿರಿಯರು ಇಂದಿಗೂ ಗೌರವದಿಂದ ಆಡುತ್ತಾರೆ. ಆದರೆ ಬರೆದವನು ಒಬ್ಬ, ಒತ್ತಿದವನು ಇನ್ನೊಬ್ಬ ಆಗಿರುವಲ್ಲಿ ಪ್ರಾಮಾಣಿಕನ ಲೆಕ್ಕವನ್ನು ಕೂಡ ಪರೀಕ್ಷಿಸಿ ನೋಡಲು ದಾರಿಯಿರಲಿಲ್ಲ.

ಪೇಟೆಗೆ ಒಯ್ದರೆ ಸಂಕಟ ಬೇರೆ ರೂಪ ತಾಳುತ್ತಿತ್ತು. ದಲಾಲಿ, ಹಮಾಲಿ, ತೂಕದ ಕೂಲಿ, ಕಸಕ್ಕೆ ಸೂಟು, ಗುಡಿಗೆ ಧರ್ಮದಾಯ ಎಂದು ಒಂದೊಂದೇ ಕಳೆಯುತ್ತ ಹೋಗಿ ಉಳಿದುದು ರೈತನ ಕೈಗೆ. ವ್ಯಾಪಾರಿಗಳು ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಮಾತನಾಡುತ್ತಿದ್ದರು. ಮಾಲಿನ ಒಡೆಯ ಪಕ್ಕದಲ್ಲಿ ನಿಂತಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಇದು ನಮ್ಮ ಭಾಗದ ಪೇಟೆಗಳಲ್ಲಿ ಮಾತ್ರ ಇದ್ದ ರೂಢಿಯಲ್ಲ. 1928ರ ಕೃಷಿ ರಾಯಲ್ ಕಮಿಷನ್ನಿನ ವರದಿ ಇಡೀ ದೇಶದ ಮಾರುಕಟ್ಟೆಗಳ ಇಂಥ ಕಟಾವುಗಳನ್ನು ಎತ್ತಿ ಹೇಳಿತು. ಹೈದರಾಬಾದು ರಾಜ್ಯ 1339 ಫಸಲಿಯಲ್ಲಿ, ಎಂದರೆ 1930ರ ಸುಮಾರಿಗೆ, ಕೃಷಿ ಮಾರುಕಟ್ಟೆಗಳ ಕಾಯಿದೆಯನ್ನು ತಂದಿತು. ಕಾಯಿದೆ ಪುಸ್ತಕದಲ್ಲಿ ಒಳ್ಳೆಯದೇ ಇತ್ತು. ಆದರೆ ಹಳ್ಳಿಯ ಬಾಗಿಲಲ್ಲೇ ಸಾಲಕ್ಕೆ ಮಾಲು ಹೋಗುವವನಿಗೆ ಮಾರುಕಟ್ಟೆಯ ಅಂಗಳ ಎಷ್ಟು ನೆಟ್ಟಗಿದ್ದರೂ ಏನು ಪ್ರಯೋಜನ?

ಇದರ ಜತೆಗೆ ನಾಣ್ಯದ ತೊಡಕು. ನಿಜಾಮರ ರಾಜ್ಯದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ತುಂಗಭದ್ರೆ ದಾಟಿ ಕರ್ನೂಲಿಗೆ ಕಾಲಿಟ್ಟರೆ ಅದು ಮದ್ರಾಸು ಪ್ರಾಂತ, ಅಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ನಡುವೆ ಕರೋಡಗಿರಿ ನಾಕಾ, ಅಲ್ಲಿ ಸುಂಕ. ಹದಿನಾರಾಣೆಯ ರೂಪಾಯಿಯನ್ನು ಏಳಕ್ಕೆ ಆರರಂತೆ ಬದಲಾಯಿಸಿ, ಸೇರು-ಮಣದ ತೂಕಕ್ಕೆ ದರ ಕಟ್ಟಿ, ಸುಂಕ ಕಳೆದು ಉಳಿದುದೆಷ್ಟೆಂದು ಮನಸ್ಸಿನಲ್ಲೇ ಹೇಳಬಲ್ಲ ಹುಡುಗನಿದ್ದರೆ ಅವನು ಮನೆಗೆ ಎಷ್ಟು ದೊಡ್ಡ ಆಸ್ತಿ! ಹಳೆಯ ಕಾಲದ ಪಾಠಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳನ್ನು ಬೆಳಗ್ಗೆ ಸಂಜೆ ಗಟ್ಟಿಯಾಗಿ ಹೇಳಿಸುತ್ತಿದ್ದುದನ್ನು ಇಂದಿನ ಶಿಕ್ಷಣಶಾಸ್ತ್ರ ಬಾಯಿಪಾಠವೆಂದು ತಳ್ಳಿಹಾಕುತ್ತದೆ. ನಾವೂ ಬಿ.ಇಡ್. ತರಬೇತಿಯಲ್ಲಿ ಹಾಗೆಯೇ ಕಲಿತೆವು. ಆದರೆ ಆ ಮಗ್ಗಿ ಸಂತೆಯ ಅಗತ್ಯದಿಂದ ಹುಟ್ಟಿದ್ದು. 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ, 1958ರಲ್ಲಿ ಮೆಟ್ರಿಕ್ ತೂಕ ಬಂದ ಮೇಲೆ ಅದು ಪಠ್ಯದಿಂದ ಹೋಯಿತು. ಸಂತೆಯ ಬಾಯಿಂದ ಹೋಗಲು ಇನ್ನೊಂದು ತಲೆಮಾರೇ ಬೇಕಾಯಿತು. ಇಂದಿಗೂ ಅಜ್ಜಿಯಂದಿರು ‘ಅಚ್ಛೇರು’ ಎಂದರೆ ನಮ್ಮ ಮಕ್ಕಳು ಮುಖ ನೋಡುತ್ತಾರೆ.

ಸಂತೆಯಲ್ಲಿ ಕಿರ್ದಿ ಇದ್ದಂತೆ ಚಾವಡಿಯಲ್ಲಿ ಪಹಣಿ ಇತ್ತು. ಊರಿನ ಆಡಳಿತವೆಂದರೆ ಮೂವರು: ಕಂದಾಯ ವಸೂಲಿಗೆ ಮಾಲಿ ಪಾಟೀಲ, ಕಾವಲಿಗೆ ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ. ಮೂರೂ ವಂಶಪಾರಂಪರ್ಯದ ವತನಗಳು. ಇವರ ಕೈಕೆಳಗೆ ತಳವಾರ, ಸೇತಸಿಂಧಿ, ನೀರಗಂಟಿ. ಯಾವ ಹೊಲ ಯಾರದು, ಯಾವ ಪೀಕು ಇದೆ, ಎಷ್ಟು ಕಿಸ್ತು ಬಾಕಿ ಎಂಬುದೆಲ್ಲ ಪಟವಾರಿಯ ದಫ್ತರದಲ್ಲಿ ಉರ್ದುವಿನಲ್ಲಿರುತ್ತಿತ್ತು. ದಫ್ತರ ಇರುತ್ತಿದ್ದುದು ಪಟವಾರಿಯ ಮನೆಯಲ್ಲಿ. ಕೆಂಪು ಬಟ್ಟೆಯ ಗಂಟು ಬಿಚ್ಚಿದಾಗ ಮಾತ್ರ ರೈತನಿಗೆ ತನ್ನ ಹೊಲ ಕಾಣುತ್ತಿತ್ತು; ಬಿಚ್ಚುವುದಕ್ಕೆ ಕಾಣಿಕೆ. ಅಧಿಕಾರಿಗಳು ಬೀಡುಬಿಟ್ಟರೆ ಗಾಡಿ, ಹುಲ್ಲು, ಕೋಳಿ, ಕಟ್ಟಿಗೆ ಬಿಟ್ಟಿಯಾಗಿ ಸಲ್ಲಬೇಕು. ಈ ಬಿಟ್ಟಿಯ ಭಾರ ಯಾವ ಕೇರಿಗಳ ಮೇಲೆ ಬೀಳುತ್ತಿತ್ತೆಂಬುದನ್ನು ಹೇಳದೆ ಬಿಟ್ಟರೆ ಇತಿಹಾಸಕ್ಕೆ ಅಪಚಾರ. ನಮ್ಮ ದಾಖಲಾತಿ ಪುಸ್ತಕಗಳಲ್ಲಿ ಆ ಕೇರಿಗಳ ಮಕ್ಕಳ ಹೆಸರು ಬಹಳ ಪುಟಗಳ ನಂತರವೇ ಕಾಣಿಸಿಕೊಳ್ಳುತ್ತದೆ. ಇದು ಶಾಲೆಯ ಹಿರಿಮೆಯ ಪಟ್ಟಿಗೆ ಸೇರುವ ಸಂಗತಿಯಲ್ಲ, ಆದರೂ ಬರೆದಿಡಬೇಕು.

ಇಂಥ ಕಾಲದಲ್ಲಿ ತಾಯ್ನುಡಿಯ ಪ್ರಾಥಮಿಕ ಶಾಲೆಯೊಂದನ್ನು ನಡೆಸುವುದು ಸುಲಭವಾಗಿರಲಿಲ್ಲ. ಮೇಲಿನ ವಿದ್ಯೆಯೆಲ್ಲ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕಲಬುರಗಿಯಲ್ಲಿ 1907ರಷ್ಟು ಹಿಂದೆಯೇ ಹುಟ್ಟಿದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇವು ಈ ಭಾಗದ ಹಿರಿಯರಿಗೆ ಧೈರ್ಯ ಕೊಟ್ಟ ಹೆಸರುಗಳು. ನಮ್ಮಂಥ ಸಣ್ಣ ಶಾಲೆಗಳ ಗುರಿ ಅಷ್ಟು ಎತ್ತರದ್ದಾಗಿರಲಿಲ್ಲ. ಓದು, ಬರಹ, ಲೆಕ್ಕ. ತಂದೆಯ ಖಾತೆಯನ್ನು ಮಗ ಓದಬೇಕು, ಅಷ್ಟೇ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದು ಭಾರತದಲ್ಲಿ ಸೇರಿತು. ಮರುವರ್ಷ ಜಾಗೀರುಗಳು ರದ್ದಾದವು, ಗದ್ವಾಲ ಸಂಸ್ಥಾನದ ಕಾಲ ಮುಗಿಯಿತು. 1950ರ ಗೇಣಿ ಕಾಯಿದೆ, 1954-55ರ ಖಾಸ್ರಾ ಪಹಣಿ ಬಂದವು. ಈ ಖಾಸ್ರಾ ಪಹಣಿಯನ್ನು ಓದುಗರು ಸಾಮಾನ್ಯ ಕಾಗದವೆಂದು ತಿಳಿಯಬಾರದು. ತೆಲಂಗಾಣದಲ್ಲಿ ಜಮೀನಿನ ವ್ಯಾಜ್ಯ ಎದ್ದರೆ ವಕೀಲರು ಇಂದಿಗೂ ಕೇಳುವ ಮೊದಲ ದಾಖಲೆ ಅದು. ಆ ವರ್ಷ ಪಟವಾರಿ ಯಾರ ಹೆಸರನ್ನು ಬರೆದನೋ ಅವರ ಮೊಮ್ಮಕ್ಕಳು ಇಂದು ಹೊಲದ ಒಡೆಯರು. ಬರೆಯುವಾಗ ಪಕ್ಕದಲ್ಲಿ ಓದಬಲ್ಲವನೊಬ್ಬ ನಿಂತಿದ್ದ ಮನೆಗಳ ಕತೆಯೇ ಬೇರೆ, ನಿಲ್ಲದಿದ್ದ ಮನೆಗಳ ಕತೆಯೇ ಬೇರೆ.

ಆಮೇಲೆ ಗೆರೆ ಬಿತ್ತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಅದರ ಗದ್ವಾಲ ಮತ್ತು ಅಲಂಪುರ ತಾಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಬಂದು ಮಹಬೂಬನಗರ ಜಿಲ್ಲೆಯಲ್ಲಿ ಸೇರಿದವು. ತೆಲುಗರ ಸಂಖ್ಯೆ ಹೆಚ್ಚಾಗಿದ್ದ ತಾಲೂಕುಗಳು ತೆಲುಗು ನಾಡಿಗೆ ಸೇರಿದುದು ನ್ಯಾಯವೇ. ಆದರೆ ಜಿಲ್ಲೆಯ ಕಚೇರಿ, ಆಸ್ಪತ್ರೆ, ನ್ಯಾಯಾಲಯ, ದೊಡ್ಡ ಪೇಟೆ ಎಲ್ಲವೂ ರಾಯಚೂರಿನಲ್ಲಿದ್ದ ಜನರಿಗೆ ಒಂದೇ ದಿನದಲ್ಲಿ ಕಚೇರಿ ಒಂದು ದಿಕ್ಕಿಗೆ, ಪೇಟೆ ಇನ್ನೊಂದು ದಿಕ್ಕಿಗೆ ಆಯಿತು. ಮಕ್ತಲ್, ನಾರಾಯಣಪೇಟೆಗಳು ಮೊದಲಿನಿಂದಲೂ ಮಹಬೂಬನಗರದಲ್ಲೇ ಇದ್ದುದರಿಂದ ಅಲ್ಲಿಯ ಕನ್ನಡಿಗರಿಗೆ ಈ ಅನುಭವ ಹೊಸದಲ್ಲ, ನಮಗೆ ಹೊಸದಾಗಿತ್ತು. ಕಾಗದದ ಭಾಷೆ ಉರ್ದುವಿನಿಂದ ತೆಲುಗಿಗೆ ತಿರುಗಿತು. ಅದೇ ವರ್ಷ ಸಂವಿಧಾನದಲ್ಲಿ 350ಎ ವಿಧಿ ಸೇರಿತು; ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಅದು ಹೇಳುತ್ತದೆ. ನಮ್ಮ ಶಾಲೆ ಇಂದಿಗೂ ನಿಂತಿರುವುದು ಆ ವಿಧಿಯ ಆಸರೆಯಲ್ಲಿ ಎಂದರೆ ತಪ್ಪಾಗದು.

ಗೆರೆ ನೀರಿನ ಮೇಲೂ ಬಿತ್ತು. ತುಂಗಭದ್ರೆಗೆ ಅಡ್ಡಲಾಗಿ ರಾಜೋಳಿಬಂಡಾದಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆಯುವ ಕೆಲಸ ನಿಜಾಮರ ಕಾಲದಲ್ಲಿ, 1946ರಲ್ಲಿ ಆರಂಭವಾಗಿತ್ತು. ಮುಗಿಯುವ ಹೊತ್ತಿಗೆ ಕಾಲುವೆಯ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದು ರಾಜ್ಯದಲ್ಲಿ! 143 ಕಿಲೋಮೀಟರ್ ಉದ್ದದ ಕಾಲುವೆಯ ಮೊದಲ 42 ಕಿಲೋಮೀಟರಿಗೂ ಹೆಚ್ಚು ಭಾಗ ಕರ್ನಾಟಕದಲ್ಲಿದೆ. ಉಳಿದುದು ಐಜದ ಸೀಮೆಯಿಂದ ಮುಂದೆ ಅಲಂಪುರದ ಕಡೆಗೆ ಹರಿಯುತ್ತದೆ. ಬಚಾವತ್ ನ್ಯಾಯಮಂಡಳಿಯ ಹಂಚಿಕೆಯಂತೆ ಯೋಜನೆಯ 17.1 ಟಿ.ಎಂ.ಸಿ. ನೀರಿನಲ್ಲಿ 15.9 ನಮ್ಮ ಕಡೆಗೆ, 1.2 ಕರ್ನಾಟಕಕ್ಕೆ. ನಮ್ಮ ಕಡೆ 87,500 ಎಕರೆಗೆ ನೀರುಣಿಸಬೇಕಾಗಿದ್ದ ಈ ಕಾಲುವೆಯ ಕೊನೆಯ ಹೊಲಗಳು ನೀರು ಕಂಡ ವರ್ಷಗಳಿಗಿಂತ ಕಾಣದ ವರ್ಷಗಳೇ ಹೆಚ್ಚು ಎಂಬುದು ರೈತರ ಹಳೆಯ ದೂರು. ಕಾಲುವೆ ಕೈಕೊಟ್ಟ ಹೊಲಗಳಿಗೆ ಹಿಂಗಾರಿನ ಹಸಿಯಲ್ಲೇ ನಿಲ್ಲಬಲ್ಲ ಬೆಳೆ ಬೇಕು. ಬಿಸಿಲಲ್ಲಿ ಒಣಗಿಸುವ ಹೊಗೆಸೊಪ್ಪು ಅಂಥದೊಂದು ಬೆಳೆ.

ಪಂಚಾಯತಿಗಳ ಕಾಲ ಬಂತು. ದೇಶದಲ್ಲಿ ಪಂಚಾಯತ್ ರಾಜ್ಯವನ್ನು ಮೊದಲು ಜಾರಿಗೆ ತಂದ ರಾಜಸ್ಥಾನದ ಬೆನ್ನಲ್ಲೇ ಆಂಧ್ರಪ್ರದೇಶ 1959ರಲ್ಲಿ ಅದನ್ನು ಅಳವಡಿಸಿಕೊಂಡಿತು. ನಮ್ಮದೇ ಮಹಬೂಬನಗರ ಜಿಲ್ಲೆಯ ಷಾದ್‌ನಗರದಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಊರಿನ ಮಟ್ಟದಲ್ಲಿ ಜನ ಪಂಚಾಯತಿಯನ್ನು ಅರಿತದ್ದು ಭಾಷಣದಿಂದಲ್ಲ, ತೈಬಜಾರಿನಿಂದ. ಸಂತೆಯಲ್ಲಿ ಗೋಣಿ ಹಾಸಿ ಕುಳಿತವರಿಂದ ನೆಲಬಾಡಿಗೆ ಎತ್ತುವ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುವುದೇ ತೈಬಜಾರಿನ ಹರಾಜು. ಬೀದಿದೀಪ, ಚರಂಡಿ, ಕೊಂಡವಾಡದ ದುರಸ್ತಿಗೆ ಪಂಚಾಯತಿಯ ಕೈಯಲ್ಲಿ ತಿರುಗುತ್ತಿದ್ದ ಹಣ ಬಹುಮಟ್ಟಿಗೆ ಇಂಥ ಬಾಬುಗಳಿಂದ ಬಂದದ್ದು. ಕೊತ್ತಂಬರಿ ಮಾರುವ ಮುದುಕಿ ಕೊಟ್ಟ ಬಿಡಿಗಾಸಿನಿಂದ ಊರಿನ ದೀಪ ಉರಿಯಿತೆಂದರೆ ಅತಿಶಯವಲ್ಲ. ಗುತ್ತಿಗೆದಾರ ಹೆಚ್ಚು ಕೇಳಿದರೆ ದರದ ಫಲಕವನ್ನು ಓದಿ ಎದುರು ಮಾತನಾಡುವವರು ಬೇಕಾಗಿತ್ತು. ಸಂತೆಯ ದಿನ ಶಾಲೆಯ ಹಾಜರಿ ಇಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ಹೊಗೆಸೊಪ್ಪಿನ ರೈತನಿಗೆ ಮಾತ್ರ ಇನ್ನೊಬ್ಬ ಅಧಿಕಾರಿ ಹೆಚ್ಚು. ಬ್ರಿಟಿಷ್ ಭಾರತದಲ್ಲಿ ಎಲೆ ತಂಬಾಕಿನ ಮೇಲೆ 1943ರಲ್ಲಿ ಅಬಕಾರಿ ಸುಂಕ ಬಿದ್ದಿತು. ಹೈದರಾಬಾದು ದೇಶದ ತೆರಿಗೆ ವ್ಯವಸ್ಥೆಯೊಳಗೆ ಬಂದ ಮೇಲೆ ಆ ಕೇಂದ್ರ ಸುಂಕ ಇಲ್ಲಿಗೂ ಬಂತು. ಎಷ್ಟು ನೆಟ್ಟಿದ್ದಾರೆ, ಎಷ್ಟು ಒಣಗಿಸಿದ್ದಾರೆ, ಎಲ್ಲಿ ಇಟ್ಟಿದ್ದಾರೆ ಎಂಬ ಲೆಕ್ಕವನ್ನು ಒಪ್ಪಿಸದೆ ಕಟ್ಟು ಕದಲುವಂತಿರಲಿಲ್ಲ. ತನ್ನ ಹೊಲದಲ್ಲಿ ತಾನೇ ಬೆಳೆದ ಎಲೆಗೆ ಲೈಸೆನ್ಸು, ಫಾರಮು, ಇನ್‌ಸ್ಪೆಕ್ಟರು! 1979ರಲ್ಲಿ ಈ ಎಲೆ ಸುಂಕ ಹೋಯಿತು. ವರ್ಜೀನಿಯಾ ತಂಬಾಕಿಗಾಗಿ 1976ರಿಂದ ಗುಂಟೂರಿನಲ್ಲಿ ತಂಬಾಕು ಮಂಡಳಿ ಇದೆ, 1984ರಲ್ಲಿ ಕರ್ನಾಟಕದಲ್ಲಿಯೂ ಮರುವರ್ಷ ಆಂಧ್ರದಲ್ಲಿಯೂ ಬಹಿರಂಗ ಹರಾಜು ಬಂತು. ಹುಣಸೂರು, ಪಿರಿಯಾಪಟ್ಟಣದ ರೈತ ಹರಾಜು ಕಟ್ಟೆಯ ಮೇಲೆ ನಿಂತು ದರ ಕೇಳುತ್ತಾನೆ. ನಮ್ಮ ನಾಟಿ ತಂಬಾಕಿಗೆ ಆ ಮಂಡಳಿಯೂ ಇಲ್ಲ, ಆ ಕಟ್ಟೆಯೂ ಇಲ್ಲ. ವ್ಯಾಪಾರಿ ಹೇಳಿದ್ದೇ ದರ. ನಿಪ್ಪಾಣಿಯ ಬೀಡಿ ತಂಬಾಕಿನ ರೈತರು ಇದೇ ಸಂಕಟದಿಂದ 1981ರ ಮಾರ್ಚ್‌ನಲ್ಲಿ ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ಗೋಲಿಬಾರಾಗಿ ರೈತರು ಪ್ರಾಣ ಬಿಟ್ಟರು. ಅವರು ಕೇಳಿದ್ದು ಬೆಳೆದ ಎಲೆಗೆ ನ್ಯಾಯವಾದ ಬೆಲೆಯನ್ನು.

ಚಾವಡಿಯ ಕತೆಯೂ ಮುಗಿಯಿತು. 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರಕಾರ ಪಾಟೀಲ-ಪಟವಾರಿಗಳ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಪಡಿಸಿತು. ಮರುವರ್ಷ ಮಂಡಲಗಳು ಬಂದವು, ಕಚೇರಿ ಹತ್ತಿರವಾಯಿತು. 2014ರಲ್ಲಿ ತೆಲಂಗಾಣ ರಾಜ್ಯ, 2016ರಲ್ಲಿ ಜೋಗುಳಾಂಬಾ ಗದ್ವಾಲ ಜಿಲ್ಲೆ. ಗ್ರಾಮ ಪಂಚಾಯತಿಯಾಗಿದ್ದ ಐಜ ಇಂದು ಪುರಸಭೆ. 2020ರಲ್ಲಿ ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯೂ ಹೋಗಿ ಪಹಣಿ ‘ಧರಣಿ’ ಎಂಬ ಗಣಕಯಂತ್ರದೊಳಗೆ ಸೇರಿತು. ಈಗ 2025ರಲ್ಲಿ ಅದರ ಜಾಗಕ್ಕೆ ‘ಭೂಭಾರತಿ’ ಬಂದಿದೆ. ಕೆಂಪು ಬಟ್ಟೆಯ ಗಂಟು ಇಲ್ಲ. ಆದರೆ ಪಾಸ್‌ಬುಕ್ಕಿನಲ್ಲಿ ಒಂದು ಅಕ್ಷರ ತಪ್ಪಿ ಬಿದ್ದರೆ ಅದನ್ನು ಸರಿಪಡಿಸಲು ಜನ ಮೀ ಸೇವಾ ಕೇಂದ್ರದ ಮುಂದೆ ನಿಲ್ಲುವುದನ್ನು ನೋಡಿದಾಗ, ಗಂಟು ಬಿಚ್ಚುವವರು ಬದಲಾಗಿದ್ದಾರೆಯೇ ಹೊರತು ಕಾಯುವವರು ಬದಲಾಗಿಲ್ಲವೆನಿಸುತ್ತದೆ.

ಈ ಅವಧಿಯಲ್ಲಿ ನಮ್ಮ ಶಾಲೆಯನ್ನು ಅತ್ಯಂತ ಹೆಚ್ಚು ಅಲುಗಾಡಿಸಿದ್ದು ಹೊಗೆಸೊಪ್ಪಲ್ಲ, ಬೀಜದ ಹತ್ತಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ರೂಪಿಸಿದ ವರಲಕ್ಷ್ಮಿ ಮುಂತಾದ ಹೈಬ್ರಿಡ್ ತಳಿಗಳ ಬೀಜ ತಯಾರಿಸಲು ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ, ಪರಾಗ ಒರೆಸಬೇಕು. ಗದ್ವಾಲ, ಐಜ, ಗಟ್ಟು, ಮಲ್ದಕಲ್ ಸೀಮೆ ಈ ಕೆಲಸಕ್ಕೆ ದೇಶದಲ್ಲೇ ಹೆಸರಾಯಿತು. ಸಾಲು ಸಾಲಾಗಿ ಬಗ್ಗಿ ‘ಕ್ರಾಸಿಂಗ್’ ಮಾಡಲು ಸಣ್ಣ ಬೆರಳು, ಸಣ್ಣ ಎತ್ತರ, ಸಣ್ಣ ಕೂಲಿ ಬೇಕೆಂದು ಹೆಣ್ಣುಮಕ್ಕಳನ್ನು ಹೊಲಕ್ಕೆ ಕರೆದೊಯ್ದರು. ಮಳೆಗಾಲ ಮುಗಿಯುವ ಆ ತಿಂಗಳುಗಳ ಹಾಜರಿ ಪುಸ್ತಕ ತೆರೆದರೆ ಹುಡುಗಿಯರ ಸಾಲಿನಲ್ಲಿ ಗೈರುಹಾಜರಿಯ ಗುರುತುಗಳೇ. ನಾವು ಮನೆಮನೆಗೆ ಹೋದೆವು. ಕೆಲವರು ಮಗಳನ್ನು ಕಳಿಸಿದರು, ಕೆಲವರು ಆರ್ಗನೈಸರನಿಂದ ಪಡೆದ ಮುಂಗಡವನ್ನು ತೋರಿಸಿದರು. ಶಿಕ್ಷಣ ಹಕ್ಕಿನ ಕಾಯಿದೆ 2010ರಲ್ಲಿ ಜಾರಿಯಾದ ಮೇಲೆ, ಸಂಘ ಸಂಸ್ಥೆಗಳು ದನಿ ಎತ್ತಿದ ಮೇಲೆ ಸ್ಥಿತಿ ಸುಧಾರಿಸಿದೆ. ಆದರೂ ಆ ವರ್ಷಗಳಲ್ಲಿ ತಿರುಗಿ ಬಾರದ ಹುಡುಗಿಯರ ಮುಂದೆ ನಾವು ‘ಶಾಲೆ ಬಿಟ್ಟಿದ್ದಾಳೆ’ ಎಂದು ಬರೆದು ಕೆಂಪು ಗೆರೆ ಎಳೆದಿದ್ದೇವೆ. ಈಗ ಅವರು ತಾಯಂದಿರಾಗಿ ಮಕ್ಕಳನ್ನು ಸೇರಿಸಲು ಬರುತ್ತಾರೆ. ಸಹಿ ಮಾಡುವಾಗ ಕೈ ನಡುಗಿ, ‘ಟೀಚರಮ್ಮಾ, ನೀವೇ ಬರೀರಿ’ ಎಂದು ಪೆನ್ನು ನಮ್ಮ ಕಡೆಗೆ ಸರಿಸುತ್ತಾರೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. 1956ರ ನಂತರ ಸಂತೆಯ ಚೀಟಿ, ಪಂಚಾಯತಿಯ ನೋಟೀಸು, ಪಾಸ್‌ಬುಕ್ಕು ಎಲ್ಲವೂ ತೆಲುಗಿನಲ್ಲಿ ಬಂದವು. ನಾವು ಕನ್ನಡವನ್ನು ಉಳಿಸುವ ಅಭಿಮಾನದಲ್ಲಿ ತೆಲುಗನ್ನು ಒಂದು ಪೀರಿಯಡ್ಡಿನ ವಿಷಯವಾಗಿ ಮಾತ್ರ ಕಂಡೆವು. ನಮ್ಮ ಮಕ್ಕಳು ತೆಲುಗನ್ನು ಮಾತನಾಡಬಲ್ಲವರಾದರೂ ಓದಲು ತಡವರಿಸಿದರು. ತಂದೆಯ ಖಾತೆಯನ್ನು ಮಗ ಓದಲೆಂದು ಹುಟ್ಟಿದ ಶಾಲೆಯ ಮಕ್ಕಳೇ ಒಂದು ಕಾಲಕ್ಕೆ ತಂದೆಯ ಪಟ್ಟಿಯನ್ನು ಓದಲಾಗದೆ ನಿಂತರು. ಪಾಲಕರು ಇಂಗ್ಲಿಷ್ ಶಾಲೆಗಳತ್ತ ಹೊರಟಾಗ ನಾವು ಅವರನ್ನು ದೂರಿದ್ದುಂಟು. ದೂರುವ ಮೊದಲು ಇದನ್ನು ಯೋಚಿಸಬೇಕಿತ್ತು. ಎಲ್ಲ ಶಾಲೆಗಳಲ್ಲೂ ತೆಲುಗು ಕಲಿಸಬೇಕೆಂಬ 2018ರ ತೆಲಂಗಾಣದ ಕಾಯಿದೆಯನ್ನು ಕನ್ನಡಕ್ಕೆ ಬಂದ ಕುತ್ತೆಂದು ಕೆಲವರು ಕಂಡರು. ನಮಗೆ ಹಾಗೆ ತೋರಲಿಲ್ಲ. ಕನ್ನಡದಲ್ಲಿ ಯೋಚಿಸಲು ಕಲಿತ ಮಗು ತೆಲುಗಿನ ಕಾಗದವನ್ನು ಧೈರ್ಯದಿಂದ ಓದುವುದರಿಂದ ಕನ್ನಡಕ್ಕೆ ಏನೂ ಕೊರತೆಯಾಗದು.

ಕಳೆದ ಕೆಲವು ವರ್ಷಗಳಿಂದ ಏಳನೆಯ ತರಗತಿಯ ಲೆಕ್ಕದ ಪಾಠದಲ್ಲಿ ಒಂದು ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಮಾರ್ಚ್ ತಿಂಗಳಲ್ಲಿ, ಮಾಲು ಹೋಗುವ ಕಾಲಕ್ಕೆ, ಮನೆಯಲ್ಲಿರುವ ಯಾವುದಾದರೂ ಪಟ್ಟಿಯನ್ನು ಮಕ್ಕಳು ತರಬೇಕು. ವ್ಯಾಪಾರಿ ಕೊಟ್ಟ ತಂಬಾಕಿನ ಚೀಟಿಯಾಗಬಹುದು, ಮೆಣಸಿನಕಾಯಿಯ ತಕ್‌ಪಟ್ಟಿಯಾಗಬಹುದು, ಬೀಜದ ಕಂಪನಿಯ ಒಪ್ಪಂದವಾಗಬಹುದು, ಪುರಸಭೆಯ ಮನೆಕಂದಾಯದ ರಸೀದಿಯಾಗಬಹುದು. ಹೆಸರು ಮುಚ್ಚಿ, ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಒಟ್ಟು ತೂಕ, ಕಳೆದ ತೂಕ, ದರ, ಹಮಾಲಿ, ಕಮಿಷನ್ನು, ಮುಂಗಡಕ್ಕೆ ಬಡ್ಡಿ. ತೆಲುಗಿನ ಮಾತನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಬೇಕು, ಆಮೇಲೆ ಕೂಡಿಸಿ ನೋಡಬೇಕು. ಬಹುಪಾಲು ಪಟ್ಟಿಗಳ ಲೆಕ್ಕ ಸರಿಯಾಗಿಯೇ ಇರುತ್ತದೆ. ಕಳೆದ ಸಲ ಒಂದು ಚೀಟಿಯಲ್ಲಿ ಸೂಟನ್ನು ಎರಡು ಸಲ ಕಳೆದಿತ್ತು. ಅದನ್ನು ತಂದಿದ್ದ ಹುಡುಗಿ ಮತ್ತೊಮ್ಮೆ ಕೂಡಿಸಿದಳು, ಮೂರನೆಯ ಸಲ ಕೂಡಿಸಿದಳು. ಮರುದಿನ ಅವಳ ತಂದೆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ವ್ಯಾಪಾರಿಯ ಬಳಿಗೆ ಹೋದರು; ಮಗಳೂ ಜತೆಗೆ ಹೋಗಿದ್ದಳು. ಆ ದಿನದ ಅವಳ ಗೈರುಹಾಜರಿಯನ್ನು ನಾವು ಗುರುತು ಹಾಕಲಿಲ್ಲ.